ತಗ್ಗಿನಲ್ಲಿ ಸಾದಾ ಪೆಟ್ರೋಲ್

ನಮ್ಮೂರಿಗೆ ಹೊಸಬರು ಯಾರಾದರೂ ಬಂದರೆ ಹೆಸರು, ಊರು, ಕೆಲಸ ಎಲ್ಲ ಆಮೇಲೆ. ಮೊದಲು ಕೇಳುವುದು ಗಾಡಿಗೆ ಯಾವ ಪೆಟ್ರೋಲ್ ಹಾಕಿಸುತ್ತೀರಿ ಎಂದು. ಸಾದಾ ಎಂದರೆ ಕೇಳಿದವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಪ್ರೀಮಿಯಂ ಎಂದರೆ ಒಳಗೆ ಕರೆದು ಕಾಫಿ ಕೊಡುತ್ತಾರೆ. ಹೆಣ್ಣು ನೋಡಲು ಬಂದ ಗಂಡಿನ ಕಡೆಯವರ ಕಾರಿನ ಟ್ಯಾಂಕಿನ ಮುಚ್ಚಳ ಬಿಚ್ಚಿಸಿ ಮೂಸಿ ನೋಡಿದ ಮಾವಂದಿರೂ ನಮ್ಮಲ್ಲಿದ್ದಾರೆ. ಮೂಸಿದರೆ ಎರಡೂ ಒಂದೇ ವಾಸನೆ, ಅದು ಅವರಿಗೂ ಗೊತ್ತು. ಆದರೂ ಮೂಸಿದರೆ ಅವರಿಗೊಂದು ಸಮಾಧಾನ.

ಊರು ಎರಡು ದಿಣ್ಣೆಗಳ ಮೇಲೆ ಹರಡಿಕೊಂಡಿದೆ. ಈ ದಿಣ್ಣೆಯಲ್ಲಿ ಮನೆಗಳು, ಪೆಟ್ರೋಲ್ ಬಂಕು, ನನ್ನ ಗ್ಯಾರೇಜು. ಆ ದಿಣ್ಣೆಯಲ್ಲಿ ಆಸ್ಪತ್ರೆ, ಮಾರ್ಕೆಟ್ಟು, ಬಿಸ್ಕತ್ತಿನ ಕಾರ್ಖಾನೆ. ಎರಡರ ನಡುವೆ ಮುಕ್ಕಾಲು ಕಿಲೋಮೀಟರು ತಗ್ಗು, ಅದರೊಳಗೆ ಒಂದೇ ರಸ್ತೆ. ಆ ತಗ್ಗಿನಲ್ಲಿ ಇಂಜಿನ್ ಸದ್ದು ನಿಲ್ಲಬಾರದು. ನಿಂತರೆ ಅಲ್ಲಿರುವವರಲ್ಲಿ ಒಬ್ಬರು ಕಡಿಮೆಯಾಗುತ್ತಾರೆ. ಕೂಗಿಲ್ಲ, ರಕ್ತವಿಲ್ಲ. ಗಾಡಿ ಮತ್ತೆ ಸ್ಟಾರ್ಟ್ ಆದಾಗ ಉಳಿದವರು ಬಿಟ್ಟಿದ್ದ ಮಾತನ್ನೇ ಮುಂದುವರಿಸಿಕೊಂಡು ಮೇಲೆ ಹತ್ತಿ ಬರುತ್ತಾರೆ. ಹೋದವರು ಯಾರೆಂಬುದು ಅವರಿಗೆ ನೆನಪಿರುವುದಿಲ್ಲ, ಮರೆತಿದ್ದೇವೆ ಎಂಬುದೂ ತಿಳಿಯುವುದಿಲ್ಲ. ಆ ಹೊತ್ತಿನಲ್ಲಿ ತಗ್ಗಿನ ಹೊರಗಿದ್ದವರಿಗೆ ಮಾತ್ರ ಎಲ್ಲ ನೆನಪಿರುತ್ತದೆ.

ಅದಕ್ಕೇ ನಮ್ಮಲ್ಲಿ ಚೀಟಿಯ ಪದ್ಧತಿ. ತಗ್ಗಿಗೆ ಇಳಿಯುವ ಮೊದಲು ಗಾಡಿಯಲ್ಲಿರುವ ಎಲ್ಲರ ಹೆಸರನ್ನೂ ಒಂದು ಚೀಟಿಯಲ್ಲಿ ಬರೆಸಿಕೊಳ್ಳಬೇಕು. ಈ ಕಡೆ ಬರೆಯುವವರು ಚಹಾ ಅಂಗಡಿಯ ಸತ್ತಾರ್ ಸಾಬರು, ಆ ಕಡೆ ಕಾರ್ಖಾನೆಯ ವಾಚ್‌ಮನ್. ದಾಟಿ ಮೇಲೆ ಬಂದ ಮೇಲೆ ಚೀಟಿ ಓದುತ್ತಾರೆ, ಹೆಸರಿದ್ದವರು 'ಇದ್ದೀನಿ' ಎನ್ನಬೇಕು. ಒಮ್ಮೆ ದರ್ಜಿ ವೀರಪ್ಪನ ಕಾರು ತಗ್ಗಿನಲ್ಲಿ ಒಂದು ಗಳಿಗೆ ಆಫ್ ಆಗಿ ಮತ್ತೆ ಹತ್ತಿಕೊಂಡು ಬಂತು. ಚೀಟಿಯಲ್ಲಿ ಐದು ಹೆಸರು, ಇದ್ದೀನಿ ಎಂದವರು ನಾಲ್ಕು. ಐದನೆಯದು ಶಾರದೆ, ಅವನ ಕಿರಿ ಮಗಳು. ವೀರಪ್ಪ ಆ ಹೆಸರನ್ನು ಎರಡು ಸಲ ಓದಿ, 'ಈ ವಾಚ್‌ಮನ್‌ಗೆ ತಲೆ ಕೆಟ್ಟಿದೆ, ಯಾರದೋ ಹೆಸರು ಸೇರಿಸಿದಾನೆ' ಎಂದು ನಕ್ಕು ಚೀಟಿ ಮಡಚಿ ಜೇಬಿಗಿಟ್ಟುಕೊಂಡ. ಶಾರದೆಯನ್ನು ಕೂಸಿದ್ದಾಗಿನಿಂದ ನೋಡಿದ್ದ ನಾನು ಅಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ನಮ್ಮೂರಲ್ಲಿ ಯಾರೂ ಬಿಡುವುದಿಲ್ಲ, ಏಕೆಂದರೆ ಹೇಳಿದರೂ ಆ ಹೆಸರು ಅವರಿಗೆ ಅಂಟುವುದಿಲ್ಲ. ಅವರ ಮನೆ ಬಾಗಿಲಲ್ಲಿ ಇವತ್ತಿಗೂ ಒಂದು ಜೊತೆ ಚಪ್ಪಲಿ ಹೆಚ್ಚಾಗಿದೆ, ಯಾರೋ ನೆಂಟರು ಬಿಟ್ಟುಹೋಗಿದ್ದು ಎಂದುಕೊಂಡಿದ್ದಾರೆ.

ಇಂಥ ಊರಲ್ಲಿ ಜನ ಬದುಕುವುದು ಹೇಗೆ ಎಂದು ಕೇಳಬೇಡಿ. ಎಲ್ಲ ಊರಲ್ಲೂ ಬದುಕಿದ ಹಾಗೆಯೇ, ಸ್ವಲ್ಪ ಹೆಚ್ಚು ಸದ್ದು ಮಾಡಿಕೊಂಡು. ಮದುವೆ ದಿಬ್ಬಣ ಎರಡು ಗಾಡಿಯಲ್ಲಿ ಅಕ್ಕಪಕ್ಕ ಹೋಗುತ್ತದೆ, ಒಂದು ನಿಂತರೂ ಇನ್ನೊಂದರ ಸದ್ದು ಕಾಪಾಡಲಿ ಎಂದು. ಬಸ್ಸಿನವರು ಬರುವುದನ್ನು ಬಿಟ್ಟು ವರ್ಷಗಳಾದವು. ಬ್ಯಾಟರಿ ಸ್ಕೂಟರ್ ಮಾರಲು ಒಮ್ಮೆ ಇಬ್ಬರು ಬಂದಿದ್ದರು, ವಾಪಸು ಹೋದವನು ತಾನು ಒಬ್ಬನೇ ಬಂದದ್ದು ಎಂದು ವಾದ ಮಾಡುತ್ತಿದ್ದ. ಉಳಿದಂತೆ ಜನರ ಧೈರ್ಯವೆಲ್ಲ ಪ್ರೀಮಿಯಂ ಪೆಟ್ರೋಲಿನ ಮೇಲೆ. ತರಕಾರಿ ಬಿಟ್ಟಾರು, ಹಬ್ಬದ ಬಟ್ಟೆ ಬಿಟ್ಟಾರು, ಪ್ರೀಮಿಯಂ ಬಿಡರು.

ನಾನು ದೊರೆಸ್ವಾಮಿ, ಮೆಕ್ಯಾನಿಕ್. ಇಪ್ಪತ್ತಾರು ವರ್ಷದಿಂದ ಈ ಊರಿನ ಇಂಜಿನ್‌ಗಳ ಹೊಟ್ಟೆಗೆ ಕೈ ಹಾಕಿದವನು. ಆದ್ದರಿಂದ ಈ ಪ್ರೀಮಿಯಂ ಭಕ್ತಿ ಕಂಡರೆ ನನಗೆ ಮೈ ಉರಿಯುತ್ತಿತ್ತು. ಬಂದವರಿಗೆಲ್ಲ ಪಾಠ ಮಾಡುತ್ತಿದ್ದೆ. 'ನೋಡ್ರೀ, ಪ್ರೀಮಿಯಂ ಅಂದ್ರೆ ಜಾಸ್ತಿ ಶಕ್ತಿ ಇರೋ ಪೆಟ್ರೋಲ್ ಅಲ್ಲ. ಜಾಸ್ತಿ ಒತ್ತಡ ತಡ್ಕೊಳ್ಳೋ ಪೆಟ್ರೋಲ್ ಅಷ್ಟೇ. ದೊಡ್ಡ ದೊಡ್ಡ ಇಂಜಿನ್‌ನಲ್ಲಿ ಒತ್ತಡ ಜಾಸ್ತಿ, ಅಲ್ಲಿ ಬೇಕು. ನಿಮ್ಮ ಈ ಡಬ್ಬಕ್ಕೆ ಅದನ್ನ ಹಾಕೋದು, ಗಂಜಿ ಕುಡಿಯೋನಿಗೆ ಕಬ್ಬಿಣದ ಹಲ್ಲು ಕಟ್ಟಿಸಿದ ಹಾಗೆ. ಪ್ಲಗ್ ಕ್ಲೀನಾಗಿಡಿ, ಫಿಲ್ಟರ್ ಬದಲಾಯಿಸಿ, ಸಾದಾನೇ ಹಾಕ್ಸಿ. ಗಾಡಿ ಎಲ್ಲೂ ನಿಲ್ಲಲ್ಲ.' ಜನ ತಲೆಯಾಡಿಸಿ ಕೇಳಿ, ಬಂಕಿಗೆ ಹೋಗಿ ಪ್ರೀಮಿಯಂ ಹಾಕಿಸುತ್ತಿದ್ದರು. ನಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಇವತ್ತೂ ಇಲ್ಲ.

ನನ್ನ ಮಾತು ನಂಬಿದವರು ಇಡೀ ಊರಲ್ಲಿ ಇಬ್ಬರೇ. ಒಬ್ಬರು ನಿವೃತ್ತ ಪೋಸ್ಟ್‌ಮಾಸ್ಟರ್ ಪಂಚಾಕ್ಷರಯ್ಯನವರು, ಜಿಪುಣತನಕ್ಕೆ ನಂಬಿದ್ದು. ಇನ್ನೊಬ್ಬಳು ವಿಮಲಾಕ್ಷಿ. ಮೂವತ್ತು ದಾಟಿದ ಹೆಣ್ಣುಮಗಳು, ಗಂಡನಿಲ್ಲ, ಒಂದು ಹಳೇ ವ್ಯಾನು ಇಟ್ಟುಕೊಂಡು ಬಿಸ್ಕತ್ತು ಕಾರ್ಖಾನೆಯ ಆರು ಹೆಂಗಸರನ್ನು ಬೆಳಿಗ್ಗೆ ಕರೆದೊಯ್ದು ಸಂಜೆ ಕರೆತರುವವಳು. ವಾರಕ್ಕೆ ಹನ್ನೆರಡು ಸಲ ತಗ್ಗು ದಾಟುವ ಗಾಡಿಗೆ ಪ್ರೀಮಿಯಂ ಹಾಕಿಸಿ ಅವಳ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಒಂದು ದಿನ ಗ್ಯಾರೇಜಿಗೆ ಬಂದು ವ್ಯಾನಿನ ಬಾಗಿಲು ಹಿಡಿದುಕೊಂಡೇ ಕೇಳಿದಳು.

'ಅಣ್ಣ, ನಿಜ ಹೇಳಿ. ಸಾದಾ ಹಾಕ್ಸಿದ್ರೆ ಏನೂ ಆಗಲ್ವಾ?'

'ನಾನೇ ಹಾಕಿಸ್ತೀನಲ್ಲಮ್ಮ. ಹತ್ತು ವರ್ಷ ಆಯ್ತು. ಇಲ್ಲೇ ನಿಂತಿದೀನಲ್ಲ ನಿನ್ನ ಮುಂದೆ.'

'ನಿಮ್ಮ ಮಾತಿನ ಮೇಲೆ ಹಾಕಿಸ್ತೀನಿ ಅಣ್ಣ. ಆರು ಜನ ಹೆಂಗಸರು ಕೂರ್ತಾರೆ ನನ್ನ ಹಿಂದೆ.'

'ಧೈರ್ಯವಾಗಿ ಹಾಕ್ಸು' ಎಂದೆ. ಹೆಮ್ಮೆಯಿಂದಲೇ ಹೇಳಿದೆ, ಸುಳ್ಳೇಕೆ. ಒಬ್ಬಳಾದರೂ ಬುದ್ಧಿ ಇರುವವಳು ಸಿಕ್ಕಳಲ್ಲ ಎನ್ನಿಸಿತು. ಬಂಕಿನ ಮರಿಗೌಡ ಮಾತ್ರ ಸಾದಾದ ಪೈಪಿಗೆ ಕಟ್ಟಿದ್ದ ಜೇಡರ ಬಲೆ ಒರೆಸುತ್ತಾ ಗೊಣಗುತ್ತಿದ್ದನಂತೆ, 'ನಿಮ್ಮ ಮೂರು ಜನಕ್ಕೋಸ್ಕರ ನೆಲದೊಳಗೆ ಒಂದು ಟ್ಯಾಂಕ್ ಇಟ್ಕೊಂಡು ಕೂತಿದೀನಿ' ಎಂದು. ಆ ಮಾತನ್ನು ನಾನು ತಮಾಷೆ ಮಾಡಿಕೊಂಡು ನಕ್ಕಿದ್ದೆ. ಅದರಲ್ಲಿ ಏನಿದೆ ಎಂದು ಒಂದು ನಿಮಿಷ ಯೋಚಿಸಿದ್ದರೆ ಸಾಕಿತ್ತು.

ಆ ವರ್ಷ ಮಳೆ ಹದಿನೈದು ದಿನ ಬಿಡದೆ ಹೊಡೆಯಿತು. ಮಳೆ ನಿಂತ ಮೂರನೆಯ ದಿನ, ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ, ಪಂಚಾಕ್ಷರಯ್ಯನವರ ಕಾರನ್ನು ನಾಲ್ಕು ಜನ ತಳ್ಳಿಕೊಂಡು ಬಂದರು. ಪುಣ್ಯಕ್ಕೆ ಅದು ನಿಂತದ್ದು ಮೇಲಿನ ಬೀದಿಯಲ್ಲಿ. 'ನಿನ್ನೆ ಸಾಯಂಕಾಲ ತಾನೇ ಪೆಟ್ರೋಲ್ ಹಾಕ್ಸಿದೀನಯ್ಯ, ಬೆಳಿಗ್ಗೆಯಿಂದ ಕೆಮ್ಮುತ್ತೆ' ಎಂದರು. ನಾನು ಕಾರ್ಬುರೇಟರಿನ ತಳದ ಸ್ಕ್ರೂ ಬಿಚ್ಚಿ ಒಂದು ಗಾಜಿನ ಲೋಟ ಹಿಡಿದೆ. ಲೋಟದಲ್ಲಿ ಎರಡು ಬಣ್ಣ ನಿಂತಿತು. ಮೇಲೆ ಹಳದಿ, ಕೆಳಗೆ ಬಿಳಿ. ಕೆಳಗಿನದಕ್ಕೆ ಬೆರಳು ಅದ್ದಿ ನಾಲಿಗೆಗೆ ಹಚ್ಚಿದೆ. ನೀರು.

ಆಗ ನನಗೆ ಎಲ್ಲವೂ ಒಟ್ಟಿಗೆ ಹೊಳೆಯಿತು. ಊರೆಲ್ಲ ಪ್ರೀಮಿಯಂ ಹಾಕಿಸುತ್ತದೆ. ಪ್ರೀಮಿಯಂ ಟ್ಯಾಂಕು ವಾರಕ್ಕೊಮ್ಮೆ ಖಾಲಿಯಾಗಿ ಹೊಸದು ತುಂಬುತ್ತದೆ. ಸಾದಾ ಟ್ಯಾಂಕು ಎಂಟು ತಿಂಗಳು ಹಾಗೇ ಬಿದ್ದಿರುತ್ತದೆ, ಅರ್ಧ ಖಾಲಿ, ಯಾರೂ ಮುಚ್ಚಳ ತೆಗೆದು ನೋಡುವವರಿಲ್ಲ. ಹದಿನೈದು ದಿನದ ಮಳೆ ಅದರೊಳಗೆ ಇಳಿದಿದೆ. ಸಾದಾ ಪೆಟ್ರೋಲಿನಲ್ಲಿ ಏನೂ ತಪ್ಪಿರಲಿಲ್ಲ. ಯಾರೂ ಅದನ್ನು ಕೊಳ್ಳದೆ ಹೋದದ್ದರಿಂದ ಅದು ಕೆಟ್ಟಿತ್ತು. ಜನ ಹೆದರಿ ಹೆದರಿ ತಮ್ಮ ಹೆದರಿಕೆಯನ್ನು ನಿಜ ಮಾಡಿಬಿಟ್ಟಿದ್ದರು. ಇಪ್ಪತ್ತಾರು ವರ್ಷ ಇಂಜಿನ್ ನೋಡಿದ ನಾನು, ಪೆಟ್ರೋಲು ಎಲ್ಲಿ ನಿಂತಿರುತ್ತದೆ ಎಂದು ಒಂದು ದಿನವೂ ನೋಡಿರಲಿಲ್ಲ.

ವಿಮಲಾಕ್ಷಿ ಅವತ್ತು ಬೆಳಿಗ್ಗೆ ಪೆಟ್ರೋಲ್ ಹಾಕಿಸಿದ್ದಳು. ಗ್ಯಾರೇಜಿನ ಮುಂದೆ ಹಾರ್ನ್ ಹೊಡೆದು, ಕಿಟಕಿಯಿಂದ ಕೈ ತೋರಿಸಿ, 'ಸಾದಾ, ಅಣ್ಣ!' ಎಂದು ಕೂಗಿ ಹೋಗಿದ್ದಳು. ಬೆಳಿಗ್ಗೆ ಹೋಗುವಾಗ ಏನೂ ಆಗಿರುವುದಿಲ್ಲ, ಕುಲುಕುವ ಟ್ಯಾಂಕಿನಲ್ಲಿ ನೀರು ಚದುರಿಕೊಂಡಿರುತ್ತದೆ. ಗಾಡಿ ದಿನವಿಡೀ ಕಾರ್ಖಾನೆಯ ಗೇಟಿನಲ್ಲಿ ನಿಂತಾಗ ನೀರೆಲ್ಲ ತಳಕ್ಕಿಳಿದು ಪೈಪಿನ ಬಾಯಲ್ಲಿ ಕೂರುತ್ತದೆ. ಸಂಜೆ ಸ್ಟಾರ್ಟ್ ಮಾಡಿದಾಗ ಪೈಪಿನಲ್ಲಿ ಉಳಿದ ಪೆಟ್ರೋಲಿನಲ್ಲಿ ಒಂದು ಕಿಲೋಮೀಟರು ಬರಬಹುದು. ಕಾರ್ಖಾನೆಯಿಂದ ತಗ್ಗಿನ ನಡುವಿಗೆ ಸರಿಯಾಗಿ ಒಂದು ಕಿಲೋಮೀಟರು. ಲೋಟ ಬಿಸಾಕಿ ಫೋನ್ ಕೈಗೆತ್ತಿಕೊಂಡೆ.

ಫೋನ್ ಮಾಡಿದೆ. ಸ್ವಿಚ್ ಆಫ್. ತಗ್ಗಿಗೆ ಹೊರಡುವ ಮುಂಚೆ ಡ್ರೈವರ್‌ಗಳೆಲ್ಲ ಫೋನ್ ಆಫ್ ಮಾಡುತ್ತಾರೆ, ಮನಸ್ಸು ಇಂಜಿನ್ ಮೇಲೇ ಇರಲಿ ಎಂದು. ಕಾರ್ಖಾನೆಯ ಗೇಟಿಗೂ ಮಾಡಿದೆ, ಯಾರೂ ಎತ್ತಲಿಲ್ಲ. ಗಡಿಯಾರ ನೋಡಿದೆ, ಮೂರೂವರೆಗೆ ಐದು ನಿಮಿಷ. ಕಾರ್ಖಾನೆ ಬಿಡುವುದು ಮೂರೂವರೆಗೆ. ಗ್ಯಾರೇಜಿನಲ್ಲಿದ್ದದ್ದು ಈ ನೀರು ಕುಡಿದ ಕಾರು ಮತ್ತು ಗೇರ್‌ಬಾಕ್ಸ್ ಬಿಚ್ಚಿ ಹಾಕಿದ ಒಂದು ಡೀಸೆಲ್ ಆಟೊ. ಬಂಕು ಇರುವುದು ವಿರುದ್ಧ ದಿಕ್ಕಿನಲ್ಲಿ ಎರಡು ಕಿಲೋಮೀಟರು. ಉಳಿದದ್ದು ನನ್ನ ಸ್ಕೂಟರು. ಅದರ ಹೊಟ್ಟೆಯಲ್ಲಿದ್ದದ್ದೂ ಅದೇ ಟ್ಯಾಂಕಿನ ಸಾದಾ, ನಾಲ್ಕು ದಿನ ಹಿಂದೆ ಹಾಕಿಸಿದ್ದು. ನೀರು ಎಷ್ಟು ಬಂದಿದೆಯೋ ದೇವರೇ ಬಲ್ಲ. ಕಾರು ತಳ್ಳಿಕೊಂಡು ಬಂದವರನ್ನು ಕೇಳಿದೆ, ಯಾರಾದರೂ ಪ್ರೀಮಿಯಂ ಗಾಡಿ ಕೊಡ್ರಪ್ಪ, ತಗ್ಗಿನಲ್ಲಿ ಅವಳ ಪಕ್ಕ ನಿಲ್ಲಿಸಬೇಕು ಎಂದು. ನಿಲ್ಲಿಸಬೇಕು ಎಂಬ ಮಾತು ಕೇಳುತ್ತಲೇ ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು. ಅವರನ್ನು ಬೈಯಲಾರೆ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಸ್ಪ್ಯಾನರ್ ಚೀಲ ಎತ್ತಿಕೊಂಡು ಸ್ಕೂಟರ್ ಕಿಕ್ ಹೊಡೆದೆ. ಮೂರನೆಯ ಕಿಕ್ಕಿಗೆ ಹತ್ತಿಕೊಂಡಿತು. ಮನೆಯ ಮುಂದಿನ ತಿರುವು, ಆಲದ ಮರ, ಶಾಲೆಯ ಗೋಡೆ, ಎಲ್ಲ ಹಿಂದೆ ಹೋದವು. ತಗ್ಗಿನ ಅಂಚಿನಲ್ಲಿ ಸತ್ತಾರ್ ಸಾಬರ ಅಂಗಡಿಯ ಮುಂದಿನ ರಸ್ತೆ ಹಂಪಿನಲ್ಲಿ ನಿಧಾನ ಮಾಡಿದೆ. ಅವರು ಪುಸ್ತಕ ಹಿಡಿದು ಓಡಿ ಬಂದರು. 'ಚೀಟಿ, ಚೀಟಿ! ಬರೆಸ್ಕೊಂಡು ಹೋಗು ದೊರೆ!' ಎಂದರು. 'ಟೈಮಿಲ್ಲ ಸಾಬ್ರೇ' ಎಂದು ಕೂಗಿ ಇಳಿಜಾರಿಗೆ ಬಿಟ್ಟೆ.

ತಗ್ಗಿನೊಳಗೆ ಬಿಸಿಲಿತ್ತು. ಎರಡೂ ಬದಿಗೆ ಲಂಟಾನದ ಪೊದೆ, ಹೂವೂ ಬಿಟ್ಟಿತ್ತು. ಹೊರಗಿನವರಿಗೆ ಅದು ಯಾವ ಊರಲ್ಲಾದರೂ ಇರುವ ರಸ್ತೆಯಂತೆಯೇ ಕಾಣುತ್ತದೆ. ಹಕ್ಕಿಯ ದನಿ ಮಾತ್ರ ಇಲ್ಲ. ನಾನು ನನ್ನ ಸ್ಕೂಟರಿನ ಸದ್ದನ್ನು ಕಿವಿಯಲ್ಲಿ ಹಿಡಿದುಕೊಂಡು ಹೋಗುತ್ತಿದ್ದೆ. ಗಾಡಿ ಯಾಕೋ ಭಾರ ಎಳೆಯುತ್ತಿತ್ತು. ಪೆಟ್ರೋಲಿನಲ್ಲಿ ನೀರು ಬರಲು ಶುರುವಾಯಿತು ಎಂದುಕೊಂಡು ಆಕ್ಸಿಲರೇಟರ್ ಇನ್ನಷ್ಟು ತಿರುಗಿಸಿದೆ.

ನಡುವಿನ ಮೋರಿಯ ಹತ್ತಿರ ವ್ಯಾನು ಕಂಡಿತು. ಆಮೆಯ ಹಾಗೆ ತೆವಳುತ್ತಿತ್ತು. ಒಮ್ಮೆ ಕೆಮ್ಮುವುದು, ಸಾಯುವಂತಾಗುವುದು, ಮತ್ತೆ ಉಸಿರು ಹಿಡಿಯುವುದು. ಒಳಗೆ ಹೆಂಗಸರು ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಕೂತಿದ್ದರು. ಹಿರಿಯಳಾದ ಸಾಕಮ್ಮ ಕಣ್ಣು ಮುಚ್ಚಿ ಎಲ್ಲರ ಹೆಸರನ್ನೂ ಜಪದ ಹಾಗೆ ಹೇಳುತ್ತಿದ್ದಳು, ಹೇಳುತ್ತಿದ್ದರೆ ಯಾರೂ ಹೋಗುವುದಿಲ್ಲವೇನೋ ಎಂಬಂತೆ. ನಾನು ಸ್ಕೂಟರ್ ತಿರುಗಿಸಿ ವ್ಯಾನಿನ ಪಕ್ಕಕ್ಕೆ ಬರುವುದಕ್ಕೂ ವ್ಯಾನಿನ ಇಂಜಿನ್ ನಿಲ್ಲುವುದಕ್ಕೂ ಸರಿಹೋಯಿತು.

ಈಗ ಇಡೀ ತಗ್ಗಿನಲ್ಲಿ ಉಳಿದಿದ್ದ ಸದ್ದು ನನ್ನ ಸ್ಕೂಟರಿನದೊಂದೇ. ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದು ಆಕ್ಸಿಲರೇಟರ್ ತಿರುಗಿಸಿ ನಿಂತೆ. 'ವಿಮಲಾ, ಸೀಟ್ ಎತ್ತು! ಇಂಜಿನ್ ಮುಚ್ಚಳ ತೆಗಿ!' ಎಂದು ಕಿರುಚಿದೆ. ಆ ವ್ಯಾನಿನ ಇಂಜಿನ್ ಮುಂದಿನ ಸೀಟಿನ ಕೆಳಗೆ. ಅವಳು ಮುಚ್ಚಳ ಎತ್ತಿದಳು.

'ಏನಣ್ಣ ಇದು? ಏನಾಯ್ತಣ್ಣ?'

'ನೀರು! ಪೆಟ್ರೋಲಲ್ಲಿ ನೀರು ಬಂದಿದೆ! ಕಾರ್ಬುರೇಟರ್ ತಳದಲ್ಲಿ ಸ್ಕ್ರೂ ಇದೆ ನೋಡು, ಹತ್ತನೇ ನಂಬರ್ ಸ್ಪ್ಯಾನರ್!'

ಚೀಲದಿಂದ ಸ್ಪ್ಯಾನರ್ ಅವಳ ಕೈಗೆ ಹೇಗೆ ಹೋಯಿತೋ ನನಗೆ ನೆನಪಿಲ್ಲ, ನನ್ನ ಎರಡೂ ಕೈ ಹ್ಯಾಂಡಲ್ ಮೇಲಿದ್ದವು. ಅವಳು ಸ್ಕ್ರೂ ಬಿಚ್ಚಿದಳು. 'ಬಿಡು, ಪೂರ್ತಿ ಹೋಗ್ಲಿ. ಈಗ ಬಿಗಿ ಮಾಡಿ ಸೆಲ್ಫ್ ಹೊಡಿ' ಎಂದೆ. ಹೊಡೆದಳು, ಹತ್ತಲಿಲ್ಲ. 'ಮತ್ತೆ ಬಿಚ್ಚು. ಇನ್ನೂ ನೀರೇ ಬರ್ತಿದೆ.' ಆ ಹೊತ್ತಿಗೆ ಆ ಕಡೆಯಿಂದ ಒಂದು ಬಿಳೀ ಕಾರು ಬಂತು. ಸಾಕಮ್ಮ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, 'ನಿಲ್ಸಪ್ಪ, ಎರಡು ನಿಮಿಷ ಆಫ್ ಮಾಡ್ದೆ ನಿಂತ್ಕೊಳಪ್ಪ, ನಿನ್ ಕಾಲಿಗೆ ಬೀಳ್ತೀನಿ' ಎಂದು ಕೈ ಮುಗಿದಳು. ಕಾರಿನವನು ಗಾಜು ಏರಿಸಿಕೊಂಡು ವೇಗ ಹೆಚ್ಚಿಸಿ ಹೋದ. ಒಳಗೆ ಹಿಂದಿನ ಸೀಟಿನಲ್ಲಿ ಎರಡು ಮಕ್ಕಳಿದ್ದವು. ಅದರ ಸದ್ದು ದೂರವಾಗುತ್ತಾ ದಿಣ್ಣೆ ಹತ್ತಿ ಆಚೆಗೆ ಹೋಯಿತು.

ಆಗ ನನ್ನ ಸ್ಕೂಟರು ಒಮ್ಮೆ ಕೆಮ್ಮಿತು.

ವಿಮಲಾಕ್ಷಿ ತಲೆ ಎತ್ತಿ ನನ್ನ ಮುಖ ನೋಡಿದಳು. ಆ ನೋಟದಲ್ಲಿ ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಇನ್ನೂ ನನ್ನನ್ನು ನಂಬಿಯೇ ನೋಡುತ್ತಿದ್ದಳು, ಮುಂದೇನು ಮಾಡಬೇಕು ಅಣ್ಣ ಎನ್ನುವ ಹಾಗೆ. 'ಸೆಲ್ಫ್ ಹೊಡಿ' ಎಂದೆ. ಹೊಡೆದಳು. ನನ್ನ ಸ್ಕೂಟರು ಇನ್ನೊಮ್ಮೆ ಕೆಮ್ಮಿತು, ಒಂದು ಸಲ ಜೋರಾಗಿ ಅರಚಿತು, ನಿಂತಿತು. ವ್ಯಾನಿನ ಸ್ಟಾರ್ಟರ್ ಕಿರ್ ಕಿರ್ ಎನ್ನುತ್ತಿತ್ತು, ಆದರೆ ಸ್ಟಾರ್ಟರ್ ಸದ್ದು ತಗ್ಗಿನಲ್ಲಿ ಲೆಕ್ಕಕ್ಕಿಲ್ಲ. ಎರಡು ಉಸಿರಿನಷ್ಟು ಹೊತ್ತು ಇಂಜಿನ್ ಸದ್ದಿಲ್ಲದ ತಗ್ಗು ಹೇಗಿರುತ್ತದೆ ಎಂಬುದನ್ನು ನಾನು ನನ್ನ ಕಿವಿಯಿಂದ ಕೇಳಿದೆ. ಕಣ್ಣು ಮುಚ್ಚಿಕೊಂಡೆ. ನಾನೇ ಆಗಲಿ, ಅವರು ಬೇಡ, ನಾನೇ ಆಗಲಿ ಎಂದುಕೊಂಡೆ. ಹಾಗೆ ಅಂದುಕೊಂಡೆ ಎಂಬುದು ನಿಜ, ಆದರೆ ಮನಸ್ಸಿನ ಇನ್ನೊಂದು ಮೂಲೆ ಬೇಡ ಬೇಡ ಎಂದು ಅಳುತ್ತಿತ್ತು ಎಂಬುದೂ ನಿಜ.

ವ್ಯಾನು ಹತ್ತಿಕೊಂಡಿತು. ಕಣ್ಣು ತೆರೆದು ಮೊದಲು ನನ್ನ ಕೈ ನೋಡಿಕೊಂಡೆ, ಇತ್ತು. ವ್ಯಾನಿನೊಳಗೆ ನೋಡಿದೆ. ಹಿಂದೆ ಆರು ತಲೆ, ಮುಂದೆ ವಿಮಲಾಕ್ಷಿ. ಸ್ಕೂಟರನ್ನು ಅಲ್ಲೇ ಪೊದೆಗೆ ನೂಕಿ ಮುಂದಿನ ಸೀಟಿಗೆ ಹಾರಿ ಕೂತೆ. 'ಫಸ್ಟ್ ಗೇರಲ್ಲೇ ಹೋಗು, ಕ್ಲಚ್ ಮುಟ್ಟಬೇಡ' ಎಂದೆ. ಅವಳು ತುಟಿ ಕಚ್ಚಿಕೊಂಡು ನಮ್ಮ ಕಡೆಯ ದಿಣ್ಣೆಯನ್ನು ಹತ್ತಿಸಿದ ರೀತಿಯನ್ನು ನಾನು ಸಾಯುವವರೆಗೆ ಮರೆಯಲಾರೆ.

ಮೇಲೆ ಬಂದು ಸತ್ತಾರ್ ಸಾಬರ ಅಂಗಡಿಯ ಮುಂದೆ ನಿಂತೆವು. ಯಾರೂ ಇಳಿಯಲಿಲ್ಲ. ಸಾಕಮ್ಮನೇ ಚೀಟಿ ತೆಗೆದುಕೊಂಡಳು. ವಿಮಲಾಕ್ಷಿ ಅವಳ ಮಣಿಕಟ್ಟು ಹಿಡಿದುಕೊಂಡಳು. ಒಂದೊಂದೇ ಹೆಸರು ಓದಿದಳು. ಇದ್ದೀನಿ. ಇದ್ದೀನಿ. ಇದ್ದೀನಮ್ಮ. ಏಳು ಹೆಸರು, ಏಳು ಜನ. ಮತ್ತೆ ಓದಿದಳು, ಮತ್ತೆ ಏಳು. ಆಮೇಲೆ ಆ ಹೆಂಗಸರು ಅತ್ತದ್ದೇನು, ನಕ್ಕದ್ದೇನು, ಒಬ್ಬರನ್ನೊಬ್ಬರು ತಬ್ಬಿಕೊಂಡದ್ದೇನು. 'ನಮ್ಮನ್ನ ಬಿಟ್ಬಿಡ್ತು ಕಣ್ರೇ, ಸುಮ್ನೆ ಬಿಟ್ಬಿಡ್ತು!' ಎಂದು ಸಾಕಮ್ಮ ನನ್ನ ತಲೆ ಸವರಿ ದೃಷ್ಟಿ ತೆಗೆದಳು. ತಗ್ಗು ಯಾರನ್ನೂ ಇಟ್ಟುಕೊಳ್ಳದೆ ಬಿಟ್ಟದ್ದು ಊರಿನ ನೆನಪಿನಲ್ಲೇ ಇಲ್ಲ. ಎರಡೇ ಉಸಿರಲ್ಲವೇ, ಅದಕ್ಕೆ ಬಿಟ್ಟಿರಬೇಕು ಎಂದೆ ನಾನು. ನನಗೆ ಕುಣಿಯುವಷ್ಟು ಖುಷಿಯಾಗಿತ್ತು.

ಸತ್ತಾರ್ ಸಾಬರು ಅಂಗಡಿಯಿಂದ ಹೊರಗೆ ಬಂದು ವ್ಯಾನಿನೊಳಗೆ ಇಣುಕಿದರು. ಹಿಂದಿನ ಸೀಟು ನೋಡಿದರು, ಮುಂದಿನ ಸೀಟು ನೋಡಿದರು, ಸುತ್ತಿಕೊಂಡು ಹೋಗಿ ಆಚೆಯ ಬಾಗಿಲಿನಿಂದಲೂ ನೋಡಿದರು.

'ದೊರೆ, ನೀಲಮ್ಮ ಎಲ್ಲಿ?' ಎಂದರು.

'ಯಾವ ನೀಲಮ್ಮ ಸಾಬ್ರೇ?' ಎಂದೆ.

ನಾನು ಸಹಜವಾಗಿಯೇ ಕೇಳಿದ್ದು. ಕಾರ್ಖಾನೆಯ ಹೆಂಗಸರಲ್ಲಿ ಇನ್ನೊಬ್ಬಳು ಯಾರಾದರೂ ಬರಬೇಕಿತ್ತೇನೋ ಎಂದುಕೊಂಡೆ. ಆಮೇಲೆ ಅವರ ಮುಖ ನೋಡಿದೆ. ಆ ಮುಖವನ್ನು ನಾನು ಬಲ್ಲೆ. ವೀರಪ್ಪ ಚೀಟಿ ಮಡಚಿದಾಗ ನನ್ನ ಮುಖ ಹಾಗೇ ಇದ್ದಿರಬೇಕು. ಹೆಂಗಸರ ನಗು ನಿಂತಿತು. ವಿಮಲಾಕ್ಷಿ ಇಂಜಿನ್ ಆಫ್ ಮಾಡಿದಳು. ಸಾಬರು 'ಏನಿಲ್ಲ, ಏನಿಲ್ಲ, ವಯಸ್ಸಾಯ್ತು ನಂಗೆ' ಎಂದು ಒಳಗೆ ಹೋಗಲು ತಿರುಗಿದರು. ನಾನು ಇಳಿದು ಅವರ ಭುಜ ಹಿಡಿದು ನಿಲ್ಲಿಸಿದೆ.

'ಸಾಬ್ರೇ, ಹೇಳಿ. ಹೇಳ್ಬಾರ್ದು ಅನ್ನೋದು ನನಗೂ ಗೊತ್ತು. ಆದರೂ ಹೇಳಿ. ಚೀಟಿ ಇಲ್ಲದೆ ಹೋದವನು ನಾನೊಬ್ಬನೇ.'

ಅವರು ನನ್ನ ಕೈ ಹಿಡಿದುಕೊಂಡರು. 'ನಿನ್ ಹೆಂಡ್ತಿ ಕಣಪ್ಪ' ಎಂದರು.

ನನ್ನನ್ನು ಮನೆಗೆ ಕರೆದುಕೊಂಡು ಹೋದವರೂ ಅವರೇ. ಮನೆ ಗ್ಯಾರೇಜಿನ ಹಿಂದೆಯೇ ಇದೆ. ಅಂಗಳದ ಹಗ್ಗದ ಮೇಲೆ ಎರಡು ಸೀರೆ ಒಣಗುತ್ತಿದ್ದವು. ಅವು ಯಾರ ಸೀರೆ ಎಂದು ನನಗೆ ಗೊತ್ತಿರಲಿಲ್ಲ. ಒಲೆಯ ಮೇಲೆ ಅರ್ಧ ಬೆಂದ ಹುರುಳಿ ಸಾರು, ಯಾರೋ ಗ್ಯಾಸ್ ಆರಿಸಿ ಹೋಗಿದ್ದರು. ಗೋಡೆಯ ಮೇಲೆ ಮದುವೆಯ ಫೋಟೊ, ನನ್ನ ಪಕ್ಕದಲ್ಲಿ ಮೂಗುತಿ ಹಾಕಿದ ಒಬ್ಬ ಹುಡುಗಿ. ನಾನು ಆ ಮುಖವನ್ನು ಸಂಜೆಯವರೆಗೆ ನೋಡಿದೆ. ಏನೂ ಬರಲಿಲ್ಲ. ದುಃಖ ಬರಲಿಲ್ಲ ಎಂದೇ ನನಗೆ ಭಯವಾಯಿತು. ನನ್ನ ಮನೆಯಲ್ಲೇ ನಾನು ಬೇರೆ ಯಾರದೋ ಮನೆಗೆ ನುಗ್ಗಿದ ಕಳ್ಳನ ಹಾಗೆ ಮೂಲೆಯಲ್ಲಿ ನಿಂತಿದ್ದೆ. ಆ ಭಯ ಇನ್ನೂ ಬಿಟ್ಟಿಲ್ಲ. ಒಂದು ಡಬ್ಬಿ ತೆಗೆಯಬೇಕಾದರೂ ಒಳಗೆ ಏನಿರುತ್ತದೋ ಎಂದು ಹೆದರುತ್ತೇನೆ.

ಈಗ ನಾನೂ ಪ್ರೀಮಿಯಂ ಹಾಕಿಸುತ್ತೇನೆ. ಮರಿಗೌಡ ಸಾದಾ ಟ್ಯಾಂಕನ್ನು ಮುಚ್ಚಿಸಿದ್ದಾನೆ. ಗಾಡಿಯಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಅದೇ ಮೈಲೇಜು, ಅದೇ ಎಳೆತ, ಅದೇ ಸದ್ದು. ಯಾರಾದರೂ ಕೇಳಿದರೆ ಇವತ್ತೂ ಅದನ್ನೇ ಹೇಳುತ್ತೇನೆ, ನಿಮ್ಮ ಇಂಜಿನ್‌ಗೆ ಅದು ಬೇಕಾಗಿಲ್ಲ ಎಂದು. ಆಮೇಲೆ ಹಾಕಿಸಿ ಎನ್ನುತ್ತೇನೆ. ವಿಮಲಾಕ್ಷಿ ದಿನಾ ಸಂಜೆ ವ್ಯಾನು ನಿಲ್ಲಿಸಿ ಒಂದು ಡಬ್ಬಿ ಊಟ ಇಟ್ಟು ಹೋಗುತ್ತಾಳೆ. ಅವಳಿಗೂ ನೀಲಮ್ಮ ನೆನಪಿಲ್ಲ, ನೆನಪಿಲ್ಲದವಳಿಗೆ ಋಣಿಯಾಗಿರುವುದು ಹೇಗೆ ಎಂದು ಅವಳಿಗೆ ತಿಳಿಯುತ್ತಿಲ್ಲ.

ಸತ್ತಾರ್ ಸಾಬರ ಹತ್ತಿರ ಹೋಗಿ ಕೂತು ಅವಳ ವಿಷಯ ಕೇಳುವುದು ನನ್ನ ದಿನದ ಕೆಲಸವಾಗಿದೆ. ಅಂಟುವುದಿಲ್ಲ ಎಂದು ಗೊತ್ತಿದ್ದರೂ ಕೇಳುತ್ತೇನೆ. ತುಂಬ ಮೆಲ್ಲಗೆ ಮಾತಾಡುತ್ತಿದ್ದಳಂತೆ. ಹತ್ತು ವರ್ಷದಿಂದ ಅವಳು ನನ್ನನ್ನು ಬೇಡಿಕೊಂಡದ್ದು ಒಂದೇ ಅಂತೆ, ತಗ್ಗಿಗೆ ಇಳಿಯುವ ದಿನವಾದರೂ ಪ್ರೀಮಿಯಂ ಹಾಕಿಸ್ರೀ ಎಂದು. ನಾನು ಅವಳಿಗೂ ಗಂಜಿ ಮತ್ತು ಕಬ್ಬಿಣದ ಹಲ್ಲಿನ ಪಾಠ ಮಾಡುತ್ತಿದ್ದೆನಂತೆ, ಚಹಾ ಅಂಗಡಿಯಲ್ಲಿ ನಾಲ್ಕು ಜನರ ಮುಂದೆ, ಎಲ್ಲರೂ ನಗುವ ಹಾಗೆ. ಅವತ್ತು ನಾನು ಗ್ಯಾರೇಜಿನಿಂದ ಹೊರಟದ್ದು ನೋಡಿ ಅಡಿಗೆ ಮನೆಯಿಂದ ಓಡಿ ಬಂದು, ತಿರುವಿನಲ್ಲಿ ಸ್ಕೂಟರ್ ಹಿಂದೆ ಹತ್ತಿ ಕೂತಳಂತೆ. ಹಂಪಿನಲ್ಲಿ ಗಾಡಿ ನಿಧಾನವಾದಾಗ, ಪುಸ್ತಕ ಹಿಡಿದು ಓಡಿ ಬಂದ ಸಾಬರು ನಮ್ಮಿಬ್ಬರ ಮಾತನ್ನು ಕಿವಿಯಾರೆ ಕೇಳಿದ್ದಾರೆ. ಅವಳು ನನ್ನ ಭುಜದ ಮೇಲೆ ಕೈಯಿಟ್ಟು, 'ಇದ್ರಲ್ಲಿ ಯಾವ್ದು ಹಾಕ್ಸಿದೀರಿ?' ಎಂದು ಕೇಳಿದಳಂತೆ. ಸಾದಾ, ಅದರಲ್ಲೂ ನೀರಿರಬೌದು, ಇಳಿ ಎಂದೆನಂತೆ ನಾನು. ಅದನ್ನು ಕೇಳಿಯೂ ಅವಳು ಇಳಿಯಲಿಲ್ಲವಂತೆ.